ಷರಾ ಬರೆಯದ ಗಂಟೆಗಳು

“ಮೇಡಂ, ಇಲ್ಲಿ ಷರಾ ಯಾಕೆ ಖಾಲಿ ಇದೆ?”

ಹೊಸ ಇಂಜಿನಿಯರ್ ಹುಡುಗಿ ಪುಟದ ಮೇಲೆ ಬೆರಳಿಟ್ಟುಕೊಂಡೇ ಕೇಳಿದಳು. ದಾಖಲೆ ಕೋಣೆಯ ಏಣಿ ಹತ್ತಿ ಇನ್ನೊಂದು ವರ್ಷದ ಕಟ್ಟು ಎಳೆಯುತ್ತಿದ್ದ ರೆಕಾರ್ಡಕ್ಕ ಕೆಳಗೆ ನೋಡಲಿಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ. ಆ ಪುಸ್ತಕದ ಆ ಪುಟ ಅವಳಿಗೆ ಕಣ್ಣು ಮುಚ್ಚಿದರೂ ಕಾಣುವಂಥದ್ದು.

“ಎಲ್ಲಿ ಮೇಡಂ?” ಎಂದಳು, ಏನೂ ಗೊತ್ತಿಲ್ಲದವಳ ಹಾಗೆ.

ಇಬ್ಬರೂ ಒಬ್ಬರಿಗೊಬ್ಬರು ಮೇಡಂ. ಒಂದು ವಯಸ್ಸಿಗೆ ಕೊಟ್ಟ ಮರ್ಯಾದೆ, ಇನ್ನೊಂದು ಹುದ್ದೆಗೆ. ಆಫೀಸಿನ ಉಳಿದವರೆಲ್ಲ, ಇಪ್ಪತ್ತೆಂಟು ವರ್ಷದಿಂದ ಆ ಕೋಣೆಯ ಧೂಳು ಕುಡಿಯುತ್ತಿರುವ ಅವಳನ್ನು ರೆಕಾರ್ಡಕ್ಕ ಎಂದೇ ಕರೆಯುವುದು.

“ದೊಡ್ಡ ಪ್ರವಾಹದ ದಿನ. ಮಧ್ಯಾಹ್ನ ಒಂದರಿಂದ ಮಾರನೇ ಬೆಳಿಗ್ಗೆ ಐದರ ತನಕ. ಬೇರೆ ದಿನ ನೋಡಿ, ನಿಮ್ಮ ತಂದೆಯವರು ಷರಾದಲ್ಲಿ ಏನೆಲ್ಲ ಬರೀತಾರೆ. ‘ನೀರು ಕೆಂಪು.’ ‘ಬಾತುಕೋಳಿ ಬಂದವು, ಏಳು.’ ‘ಒಂದು ಕುರ್ಚಿ ತೇಲಿ ಹೋಯಿತು, ಹೊಸದು.’ ಕುರ್ಚಿ ಹೊಸದೋ ಹಳೇದೋ ಅಂತ ನೋಡಿ ಬರೆಯೋ ಮನುಷ್ಯರು, ಊರೇ ಮುಳುಗಿದ ದಿನ ಹದಿನೇಳು ಗಂಟೆ ಒಂದಕ್ಷರ ಬರೆದಿಲ್ಲ. ಬರೀ ಅಂಕಿ.”

“ಪುರುಸೊತ್ತು ಆಗಿರಲಿಕ್ಕಿಲ್ಲ.”

“ಇರಬಹುದು,” ಎಂದಳು ಹುಡುಗಿ. ಆದರೆ ಬೆರಳು ತೆಗೆಯಲಿಲ್ಲ.

ರೆಕಾರ್ಡಕ್ಕನ ಅಪ್ಪ ಸೇತುವೆಯ ಬುಡದಲ್ಲಿ ಮೂವತ್ತೊಂದು ವರ್ಷ ನದಿಯ ಮಟ್ಟ ಓದಿದವರು. ನೀರಿನಲ್ಲಿ ನೆಟ್ಟ, ಅಂಕಿ ಬರೆದ ಗೇಜ್ ಕಂಬ, ದಡದಲ್ಲಿ ಗೂಡಿನಂಥ ಒಂದು ಕೋಣೆ, ಅದರೊಳಗೊಂದು ಫೋನು. ಮಳೆಗಾಲದಲ್ಲಿ ಗಂಟೆಗೊಮ್ಮೆ ಕಂಬ ನೋಡಿ ಪುಸ್ತಕದಲ್ಲಿ ಬರೆದು, ಮೇಲಿನ ಅಣೆಕಟ್ಟೆಗೆ ಫೋನು ಮಾಡಿ ಹೇಳಬೇಕು. ಅಲ್ಲಿನವರು ಅದನ್ನು ನೋಡಿಕೊಂಡು ಗೇಟು ಎಷ್ಟು ಎತ್ತಬೇಕೆಂದು ತೀರ್ಮಾನಿಸುತ್ತಿದ್ದರು. ಊರಿನವರ ಬಾಯಲ್ಲಿ ಅವರು ಗೇಜಣ್ಣ. ದೊಡ್ಡ ಪ್ರವಾಹದ ವರ್ಷದ ಅವರ ಪುಸ್ತಕವನ್ನು ಇಲಾಖೆ ತರಬೇತಿ ಹಾಲಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿತ್ತು. ಹೊಸದಾಗಿ ಸೇರಿದವರನ್ನೆಲ್ಲ ಅದರ ಮುಂದೆ ಸಾಲಾಗಿ ನಿಲ್ಲಿಸಿ, ‘ಕೆಲಸ ಅಂದ್ರೆ ಹೀಗಿರಬೇಕು, ಊರು ಮುಳುಗಿದ್ರೂ ಒಂದು ಗಂಟೆ ತಪ್ಪಿಲ್ಲ’ ಎಂದು ಭಾಷಣ ಬಿಗಿಯುವುದು ವಾಡಿಕೆ. ಆ ಭಾಷಣ ಕಿವಿಗೆ ಬಿದ್ದಾಗಲೆಲ್ಲ ರೆಕಾರ್ಡಕ್ಕನಿಗೆ ಹೆಮ್ಮೆಯೂ ಆಗುತ್ತಿತ್ತು, ಅಲ್ಲಿಂದ ಎದ್ದು ಹೋಗಬೇಕೆಂದೂ ಅನಿಸುತ್ತಿತ್ತು.

ಈಗ ಪುಸ್ತಕವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಸಿದ್ದು ಊರಿನ ನಕ್ಷೆಯ ಮೇಲೆ ಪ್ರವಾಹದ ಗೆರೆ ಎಳೆಯುವುದಕ್ಕೆ. ಗೆರೆಯ ಒಳಗೆ ನೀರು ಬರಬಹುದು, ಅಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಗೆರೆಯ ಆಚೆ ಏನು ಬೇಕಾದರೂ ಕಟ್ಟಿಕೊಳ್ಳಿ. ಪುಸ್ತಕದ ಪ್ರಕಾರ ನದಿ ಅತಿ ಹೆಚ್ಚು ಏರಿದ್ದು ಎಂಟು ಮೀಟರ್ ಎಪ್ಪತ್ತು. ಆ ಲೆಕ್ಕಕ್ಕೆ ಗೆರೆ ಅಂಚೆ ಕಚೇರಿಯ ಹತ್ತಿರ ನಿಂತುಬಿಡುತ್ತದೆ. ಅದರಾಚೆ ಕೆಳಬೀದಿಯ ಖಾಲಿ ಜಾಗದಲ್ಲಿ ಹೆರಿಗೆ ಆಸ್ಪತ್ರೆ ಕಟ್ಟುವ ಕಡತ ಆಗಲೇ ಸಾಹೇಬರ ಮೇಜಿನ ಮೇಲೆ ಬಂದು ಕೂತಿತ್ತು. ಶನಿವಾರ ಸಹಿ ಬೀಳುವುದಿತ್ತು.

“ಕೆಳಬೀದಿ ಬೇಕರಿ ಹಿಂದಿನ ಗೋಡೇಲಿ ಯಾರೋ ಆವತ್ತಿನ ನೀರಿನ ಮಟ್ಟಕ್ಕೆ ಮೊಳೆಯಲ್ಲಿ ಗೆರೆ ಕೊರೆದಿದಾರೆ,” ಎಂದಳು ಹುಡುಗಿ. “ನಾನೇ ಅಳೆದೆ. ಪುಸ್ತಕಕ್ಕಿಂತ ಒಂದು ಮೀಟರಿಗೂ ಹೆಚ್ಚು ಮೇಲಿದೆ. ಸಾಹೇಬರಿಗೆ ಹೇಳಿದ್ರೆ, ‘ಗೋಡೆ ಮೇಲಿನ ಗೆರೆಗೆ ಯಾರ ಸಹಿ ಇದೆಯಮ್ಮ? ಪುಸ್ತಕದಲ್ಲಿ ಸಹಿ ಇದೆ’ ಅಂದ್ರು. ನಿಮಗೇನಾದ್ರೂ ನೆನಪಿದೆಯಾ ಮೇಡಂ, ಆವತ್ತಿಂದು?”

“ನನಗಾಗ ಒಂಬತ್ತು ವರ್ಷ. ಏನು ನೆನಪಿರುತ್ತೆ.”

ಎಲ್ಲ ನೆನಪಿತ್ತು. ಅವಳ ಬಾಲ್ಯದಲ್ಲಿ ಬೇರೆ ಏನು ಮರೆತುಹೋಗಿದ್ದರೂ ಆ ಎರಡು ದಿನ ಮರೆತಿರಲಿಲ್ಲ.

ಅಮ್ಮನ ಕಾಲು ಮುರಿದು ಪಟ್ಟಿ ಹಾಕಿದ್ದ ತಿಂಗಳು ಅದು. ಹನ್ನೆರಡು ಗಂಟೆಗೆ ಅಪ್ಪ ಕಂಬ ಓದಿ, ಏಳು ಮೀಟರ್ ಇಪ್ಪತ್ತು ಎಂದು ಬರೆದರು. ಅಣೆಕಟ್ಟೆಗೆ ಹೇಳೋಣವೆಂದು ಫೋನು ಎತ್ತಿದರೆ ಸದ್ದೇ ಇಲ್ಲ. ಎಲ್ಲೋ ಫೋನಿನ ಕಂಬ ಬಿದ್ದಿತ್ತು. ಹೇಳುವುದಕ್ಕೆ ಯಾರೂ ಇಲ್ಲದ ಮೇಲೆ ಅವರು ಮನೆಯ ಕಡೆ ಓಡಿ ಬಂದರು. ಆಗಲೇ ಅಂಗಳದಲ್ಲಿ ಮೊಣಕಾಲು ನೀರು. ಅಮ್ಮನನ್ನು ಬೆನ್ನಿಗೆ ಹಾಕಿಕೊಂಡರು, “ಅಂಗಿ ಹಿಡ್ಕೋ, ಬಿಟ್ರೆ ನೋಡು” ಎಂದು ಮಗಳಿಗೆ ಗದರಿದರು. ಗೇಜಿನಿಂದ ಇನ್ನೂರು ಹೆಜ್ಜೆ ದೂರದ ಶಾಲೆಯ ಮಹಡಿಯೇ ಆ ಕಡೆಗೆಲ್ಲ ಎತ್ತರದ ಜಾಗ.

ಅಮ್ಮನನ್ನು ತರಗತಿಯ ಬೆಂಚಿನ ಮೇಲೆ ಮಲಗಿಸಿ ಬಂದ ಅಪ್ಪ ಹೊರಗಿನ ಮೆಟ್ಟಿಲ ಮೇಲ್ತುದಿಯಲ್ಲಿ ಕೂತರು. ನದಿಯನ್ನು ಓದದೆ ಸುಮ್ಮನೆ ಕೂರುವುದು ಅವರಿಗೆ ಬರುತ್ತಲೇ ಇರಲಿಲ್ಲ. ಕೈಯಲ್ಲಿ ಗಡಿಯಾರವಿತ್ತು, ಪಕ್ಕದಲ್ಲಿ ಮಗಳಿದ್ದಳು, ಕಂಬವೊಂದು ಇರಲಿಲ್ಲ ಅಷ್ಟೆ.

“ಮಗಳೇ, ಎಷ್ಟು ಬಾಕಿ?”

“ಏಳು ಮೆಟ್ಟಿಲು ಅಪ್ಪ.”

ಮತ್ತೊಂದು ಗಂಟೆಗೆ, “ಈಗ?”

“ಆರು.”

ನೀರು ಕೆಳಗಿನಿಂದ ಹತ್ತುತ್ತಿತ್ತು, ಅವರು ಮೇಲಿನಿಂದ ಎಣಿಸುತ್ತಿದ್ದರು. ಸಂಜೆ ಆರಕ್ಕೆ ನಾಲ್ಕನೇ ಮೆಟ್ಟಿಲು ಆಗಷ್ಟೇ ಮುಳುಗಿತ್ತು. ಮೂರು ಉಳಿದಿದ್ದವು. “ಸರಿಯಾಗಿ ನೋಡು,” ಎಂದರು ಅಪ್ಪ. “ಮೂರೇ,” ಎಂದಳು. ಅರ್ಧ ಗಂಟೆ ಕಾದು, “ಈಗಲೂ ಮೂರೇ,” ಎಂದಳು. “ಹಾಗಾದ್ರೆ ಇನ್ನು ಏರಲ್ಲ ಬಿಡು,” ಎಂದು ಅಪ್ಪ ಅವಳ ತಲೆಯ ಮೇಲೆ ಒದ್ದೆ ಕೈಯಿಟ್ಟರು. ಅವರಿಗೆ ನಿಜವಾಗಿಯೂ ಗೊತ್ತಿತ್ತೋ, ಮಗಳು ಹೆದರದಿರಲಿ ಎಂದು ಅಂದರೋ, ಅವಳು ಕೊನೆಗೂ ಕೇಳಲಿಲ್ಲ. ಅವತ್ತು ಮಾತ್ರ ಅವಳಿಗೆ ಒಂದಿಷ್ಟೂ ಹೆದರಿಕೆಯಾಗಿರಲಿಲ್ಲ.

ಎರಡನೆಯದು, ನೀರು ಇಳಿದ ಮೇಲಿನ ಭಾನುವಾರ. ಒಳ್ಳೆ ಬಿಸಿಲು. ಕಾಂಪೌಂಡಿನ ಮೇಲೆ ಹಾಸಿಗೆಗಳು ಒಣಗುತ್ತಿದ್ದವು. ಅಪ್ಪ ಅಡುಗೆಮನೆಯ ಮೇಜನ್ನು ಅಂಗಳಕ್ಕೆ ತಂದು ಹಾಕಿ, ಪೆನ್ಸಿಲ್ ಚೂಪು ಮಾಡಿ, “ಬಾ, ಲೆಕ್ಕ ಮಾಡೋಣ,” ಎಂದು ಕರೆದರು. ಏಳು ಇಪ್ಪತ್ತರಿಂದ ಎಂಟು ಎಪ್ಪತ್ತಕ್ಕೆ ಆರು ಗಂಟೆಯಲ್ಲಿ ಏರಿದರೆ ಗಂಟೆಗೆ ಎಷ್ಟು? ಅವಳು ಬೆರಳು ಮಡಿಸಿ, “ಇಪ್ಪತ್ತೈದು ಸೆಂಟಿಮೀಟರ್,” ಎಂದಳು. ಅಪ್ಪನ ಮುಖ ಅರಳಿತು. “ಭೇಷ್. ಆದ್ರೆ ನದಿ ಅಷ್ಟು ಸಮನಾಗಿ ಏರಲ್ಲ ಕಣೇ. ಒಂದರಲ್ಲಿ ಸ್ವಲ್ಪ ಕಳಿ, ಇನ್ನೊಂದಕ್ಕೆ ಸೇರಿಸು. ಒಟ್ಟು ಮಾತ್ರ ತಪ್ಪಬಾರದು.” ಅವಳು ತನಗೆ ಇಷ್ಟವಾದಂತೆ ಹಂಚಿದಳು. ಐದು ಅವಳ ಮೆಚ್ಚಿನ ಅಂಕಿ, ಅದಕ್ಕೇ ಐದು ಗಂಟೆಗೆ ಮೂವತ್ತು ಕೊಟ್ಟಳು. ಆರಕ್ಕೆ ಇಪ್ಪತ್ತೊಂದೇ ಉಳಿಯಿತು. ಇಳಿಯುವ ಲೆಕ್ಕವನ್ನೂ ಹಾಗೇ ಮಾಡಿದರು. ಅಷ್ಟು ಹೊತ್ತು ಅಪ್ಪ ಅವಳೊಬ್ಬಳ ಪಕ್ಕ ಕೂತದ್ದು ಅದೇ ಮೊದಲು. “ನನ್ನ ಚಿಕ್ಕ ಇಂಜಿನಿಯರು,” ಎಂದರು. ಆಮೇಲೆ ಎಷ್ಟೋ ವರ್ಷ ಅವಳಿಗೆ ಸಂತೋಷ ಎಂದರೆ ಆ ಮೇಜು, ಆ ಬಿಸಿಲು, ಆ ಪೆನ್ಸಿಲಿನ ವಾಸನೆ.

ಕೆಲಸಕ್ಕೆ ಸೇರಿದ ಮೊದಲ ವಾರ ತರಬೇತಿ ಹಾಲಿನ ಗಾಜಿನ ಮೇಲೆ ಬಗ್ಗಿ ನೋಡಿದಾಗ, ಐದು ಗಂಟೆಯ ಸಾಲಿನಲ್ಲಿ, ಏರಿಕೆಯ ಮನೆಯೊಳಗೆ, ತನ್ನ ಮೂವತ್ತು ಕೂತಿತ್ತು. ಅಪ್ಪನ ಮುದ್ದಾದ ಅಕ್ಷರದಲ್ಲಿ, ಶಾಯಿಯಲ್ಲಿ. ಎಂಟು ಎಪ್ಪತ್ತೇ ಯಾಕೆ ಎನ್ನುವುದೂ ಆಗಲೇ ತಲೆಗೆ ಹೊಳೆಯಿತು. ಗೇಜ್ ಕಂಬ ಒಂಬತ್ತು ಮೀಟರಿಗೆ ಮುಗಿಯುತ್ತಿತ್ತು. ಅದಕ್ಕಿಂತ ಹೆಚ್ಚು ಬರೆದರೆ, ಕಂಬವೇ ಇಲ್ಲದ ಕಡೆ ಹೇಗಯ್ಯಾ ಓದಿದೆ ಎಂದು ಕೇಳುತ್ತಿದ್ದರು. ಶಾಲೆಯ ಮೆಟ್ಟಿಲ ಮೇಲೆ ಎಂದರೆ, ಕಂಬ ಬಿಟ್ಟು ಅಲ್ಲಿಗೇಕೆ ಹೋದೆ ಎನ್ನುತ್ತಿದ್ದರು. ಪ್ರವಾಹದಲ್ಲಿ ಜಾಗ ಬಿಟ್ಟು ಹೋದವನಿಗೆ ಕೆಲಸ ಉಳಿಯುತ್ತಿರಲಿಲ್ಲ.

ಹುಡುಗಿ ಖಾಲಿ ಷರಾದ ಬಗ್ಗೆ ಕೇಳಿದ ಮಾರನೇ ದಿನ ಬೆಳಿಗ್ಗೆ ಅವಳು ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ಕಿಟಕಿಯ ಹತ್ತಿರ ಬಟಾಣಿ ಸುಲಿಯುತ್ತಿದ್ದರು. ಎಂಬತ್ತು ದಾಟಿದ ಮೇಲೆ ಅವರಿಗೆ ಕಿವಿ ಮಂದವಾಗಿತ್ತು, ನಾಲಿಗೆ ಮಾತ್ರ ಚುರುಕಾಗೇ ಇತ್ತು.

“ಹೇಳಿದ್ರೆ ಅಪ್ಪನ ಪುಸ್ತಕ ಪೆಟ್ಟಿಗೆಯಿಂದ ತೆಗೀತಾರಮ್ಮ. ಸುಳ್ಳು ಬರೆದೋರು ಅಂತಾರೆ.”

“ನಿಮ್ಮಪ್ಪ ಆ ಪೆಟ್ಟಿಗೆ ನೋಡೋಕೆ ಒಂದು ದಿನ ಹೋಗಿದ್ರಾ?”

ಹೋಗಿರಲಿಲ್ಲ. ಕರೆದಾಗಲೆಲ್ಲ ಅವರಿಗೆ ಸೊಂಟನೋವು ಬರುತ್ತಿತ್ತು.

“ಆ ಆಸ್ಪತ್ರೇಲಿ ಬಾಣಂತಿಯರನ್ನ ಯಾವ ಮಹಡೀಲಿ ಮಲಗಿಸ್ತಾರೆ?”

“ಕೆಳಗೇ.”

ಅಮ್ಮ ಒಂದು ಕಾಯಿ ಸುಲಿದು ಕಾಳು ಬಟ್ಟಲಿಗೆ ಹಾಕಿದರು. “ನಿಮ್ಮಪ್ಪ ಫೋಟೋ ಆಗಿ ಗೋಡೆ ಮೇಲಿದಾರೆ. ಅವರಿಗಿನ್ನು ನೀರು ಮುಟ್ಟಲ್ಲ. ಕಾಲು ಮುರಿದುಕೊಂಡು ಬಿದ್ದಿದ್ದೋಳು ನಾನು, ನನಗೋಸ್ಕರ ಬಂದ್ರು. ಅವರ ಮಾನ ನನಗೂ ಬೇಕು ಕಣೇ. ಆದ್ರೂ ಹೋಗಿ ಹೇಳು.” ಆಮೇಲೆ ಕಣ್ಣೊರೆಸಿಕೊಂಡು, “ಬಟಾಣಿ ಎಲ್ಲ ಹುಳ,” ಎಂದು ಗೊಣಗಿದರು.

ಸಾಹೇಬರು ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಲವತ್ತೆರಡು ವರ್ಷ ಆದ್ಮೇಲೆ ನೆನಪಾಯ್ತೇನಮ್ಮ?”

“ನೆನಪು ಯಾವತ್ತೂ ಇತ್ತು ಸರ್. ಬಾಯಿ ಬಂದಿದ್ದು ಈಗ.”

“ಮಗುವಾಗಿದ್ದಾಗ ಮೆಟ್ಟಿಲು ಎಣಿಸಿದ್ದು ನಂಬಿ ನಾನು ಆಸ್ಪತ್ರೆ ತಡೀಲಾ?”

“ಮೆಟ್ಟಿಲು ಅಲ್ಲೇ ಇದೆ ಸರ್, ಅಳೀಬಹುದು,” ಎಂದಳು ಇಂಜಿನಿಯರ್ ಹುಡುಗಿ. “ಬೇಕರಿ ಗೋಡೆಗೂ ಅದಕ್ಕೂ ತಾಳೆ ಬಿದ್ರೆ ನಂಬಿ. ಬೀಳದಿದ್ರೆ ಬಿಡಿ.”

ಸಾಹೇಬರು ರೆಕಾರ್ಡಕ್ಕನನ್ನೇ ನೋಡಿದರು. ಗಾಜಿನ ಪೆಟ್ಟಿಗೆಯ ಮುಂದೆ ಎಷ್ಟೋ ಸಲ ಭಾಷಣ ಮಾಡಿದ್ದು ಅವರೇ. “ತಾಳೆ ಬಿದ್ರೆ ಪುಸ್ತಕದಲ್ಲಿ ಆ ಅಂಕಿ ಹೊಡೆದು ಹಾಕ್ಬೇಕಾಗುತ್ತೆ. ಹೊಡೆದದ್ದಕ್ಕೆ ಯಾರಾದ್ರೂ ಸಹಿ ಹಾಕ್ಬೇಕು.”

“ನಾನೇ ಹಾಕ್ತೀನಿ. ಲೆಕ್ಕ ಮಾಡಿದ್ದು ನಾನೇ.”

ಶುಕ್ರವಾರ ಹತ್ತು ಗಂಟೆಗೆ ಇಬ್ಬರು ಮೇಡಂಗಳೂ ಶಾಲೆಗೆ ಹೋದರು. ಹುಡುಗಿ ಅಂಗಳದಲ್ಲಿ ಮೂರು ಕಾಲಿನ ಮೇಲೆ ಮಟ್ಟ ನೋಡುವ ಯಂತ್ರ ನಿಲ್ಲಿಸಿದಳು. ಅಂಕಿ ಬರೆದ ಅಳತೆಪಟ್ಟಿ ರೆಕಾರ್ಡಕ್ಕನ ಕೈಯಲ್ಲಿತ್ತು. ಗೋಡೆಗೆ ಹೊಸ ಬಣ್ಣ, ಕಿಟಕಿಗೆ ಹೊಸ ಸರಳು ಬಂದಿದ್ದವು. ಮೆಟ್ಟಿಲು ಮಾತ್ರ ಅವೇ ಹಳೆಯ ಕಲ್ಲಿನವು.

“ಕೆಳಗಿಂದ ಎಷ್ಟನೇದು ಮೇಡಂ?”

“ಕೆಳಗಿಂದ ಎಣಿಸ್ಬೇಡಿ. ರಸ್ತೆ ಎತ್ತರ ಮಾಡಿ ಎರಡು ಮೆಟ್ಟಿಲು ನುಂಗಿದಾರೆ. ನಾವು ಮೇಲಿಂದ ಎಣಿಸ್ತಿದ್ವಿ.”

ಹತ್ತಿ ಹೋಗಿ ಅಂದು ಕೂತಿದ್ದಲ್ಲೇ ಕೂತಳು. ಅಂದು ಇಬ್ಬರಿಗೂ ಸಾಕಷ್ಟು ಅಗಲವಿದ್ದ ಜಾಗ ಈಗ ಅವಳೊಬ್ಬಳಿಗೇ ಸರಿಹೋಯಿತು. ಒಂದು, ಎರಡು, ಮೂರು. ಆವತ್ತು ನೀರು ಮುಟ್ಟದೆ ಉಳಿದಿದ್ದವು ಮೂರು. ಎದ್ದು ನಾಲ್ಕನೆಯದಕ್ಕೆ ಇಳಿದು, ಚಪ್ಪಲಿ ಕಳಚಿಟ್ಟು, ಅಳತೆಪಟ್ಟಿಯನ್ನು ನೆಟ್ಟಗೆ ಹಿಡಿದಳು. ಇಷ್ಟು ವರ್ಷ ತಾನೇ ತಪ್ಪು ಎಣಿಸಿದ್ದರೆ, ಅಪ್ಪ ಇಲ್ಲಿ ಓದಿದ್ದೂ ಸುಳ್ಳಾಗಿ, ಅಲ್ಲಿ ಬರೆದದ್ದೂ ಸುಳ್ಳಾಗಿ, ಏನೂ ಉಳಿಯುವುದಿಲ್ಲ ಎಂಬ ಭಯ.

ಹುಡುಗಿ ಎರಡೆರಡು ಸಲ ಯಂತ್ರಕ್ಕೆ ಕಣ್ಣಿಟ್ಟು ನೋಡಿದಳು. ಕಾಗದದ ಮೇಲೆ ಕೂಡಿದಳು, ಕಳೆದಳು. ಆಮೇಲೆ ಮೆಟ್ಟಿಲ ಬುಡಕ್ಕೆ ಬಂದು ನಿಂತು, “ಒಂಬತ್ತು ಮೀಟರ್ ಎಂಬತ್ತೆರಡು,” ಎಂದಳು.

“ಬೇಕರಿ ಗೋಡೆ?”

“ಒಂಬತ್ತು ಎಂಬತ್ತು. ಎರಡು ಸೆಂಟಿಮೀಟರ್ ವ್ಯತ್ಯಾಸ ಮೇಡಂ. ಮೊಳೆಯ ದಪ್ಪ ಅಷ್ಟಿರುತ್ತೆ.” ಅವಳ ದನಿಯಲ್ಲಿ ನಗುವಿತ್ತು. “ಕೆಳಬೀದಿ ಪೂರ್ತಿ ಗೆರೆ ಒಳಗೆ ಬಂತು.”

ರೆಕಾರ್ಡಕ್ಕ ಅಲ್ಲೇ ಕೂತುಬಿಟ್ಟಳು. ಹುಡುಗಿ ಮೇಲೆ ಹತ್ತಿ ಬಂದು ಪಕ್ಕದಲ್ಲಿ ಕೂತು, ಹಲಗೆಗೆ ಸಿಕ್ಕಿಸಿದ ನಮೂನೆಯನ್ನು ಅವಳ ತೊಡೆಯ ಮೇಲಿಟ್ಟಳು. ಪ್ರವಾಹದ ದಿನಾಂಕ, ಸಂಜೆ ಆರು ಗಂಟೆ, ಮಟ್ಟ ತುಂಬಿತ್ತು. ‘ಓದಿದವರು’ ಎಂಬಲ್ಲಿ ರೆಕಾರ್ಡಕ್ಕ ಅಪ್ಪನ ಹೆಸರು ಬರೆದಳು.

“ಅವರು ಈಗ ಇಲ್ಲವಲ್ಲ ಮೇಡಂ,” ಎಂದಳು ಹುಡುಗಿ ಮೆಲ್ಲಗೆ.

“ಆವತ್ತು ಇದ್ರು.”

ಪಕ್ಕದಲ್ಲಿ ಷರಾದ ಮನೆ ಖಾಲಿ ಇತ್ತು. ಅವಳು ಅಪ್ಪನ ಹಾಗೆ ಅಕ್ಷರ ಗುಂಡಗೆ ಮಾಡಿ ಬರೆದಳು. ‘ಶಾಲೆಯ ಮೆಟ್ಟಿಲಿನಿಂದ ಓದಿದ್ದು. ನೀರು ಕೆಂಪು. ಮಗಳು ಜೊತೆಯಲ್ಲಿದ್ದಳು.’

ಒಳಗೆ ಗಂಟೆ ಹೊಡೆಯಿತು. ಮಕ್ಕಳು ಬಾಗಿಲಿನಿಂದ ನುಗ್ಗಿ, ಗೋಡೆಗೊರಗಿಸಿದ್ದ ಅಳತೆಪಟ್ಟಿಯನ್ನೂ ಕೂತಿದ್ದ ಇಬ್ಬರನ್ನೂ ಬಳಸಿಕೊಂಡು, ಎರಡೆರಡು ಮೆಟ್ಟಿಲು ಹಾರುತ್ತ ಅಂಗಳಕ್ಕೆ ಇಳಿದರು. ರೆಕಾರ್ಡಕ್ಕ ಚಪ್ಪಲಿಗಳನ್ನು ಹತ್ತಿರಕ್ಕೆ ಎಳೆದುಕೊಂಡು ಅವರಿಗೆ ದಾರಿ ಬಿಟ್ಟಳು.