ಹಗೇವಿಗೆ ಇಂಗ್ಲಿಷಿನಲ್ಲಿ ಏನನ್ನಬೇಕು

ಖೂಬಾ ಪ್ಲಾಟ್ ಬಡಾವಣೆಯ ನನ್ನ ಮನೆಯಲ್ಲಿ ಕೂತು ಕೋರ್ಟಿನ ಕಾಗದಗಳನ್ನು ಇಂಗ್ಲಿಷಿಗೆ ತರುತ್ತೇನೆ. ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ. ಕಕ್ಷಿದಾರರ ಕಣ್ಣೀರು ನನಗೆ ಸಂಬಂಧಿಸಿದ್ದಲ್ಲ.

ಕಳೆದ ಸೋಮವಾರ ಕಮಲಾಪುರದಿಂದ ಗುಂಡಮ್ಮ ಬಂದಳು. ಅವಳ ಗಂಡ ಅಂಬಣ್ಣ, ಧಣಿ ಗುರುಲಿಂಗಪ್ಪನ ಹಗೇವಿನಲ್ಲಿ ಸತ್ತು ಎರಡು ವರ್ಷ. ಹಗೇವೆಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ್ದು: ಒಬ್ಬ ಆಳು ಇಳಿಯುವಷ್ಟು ಬಾಯಿ, ಕೆಳಗೆ ಕೋಣೆಯಷ್ಟು ಹೊಟ್ಟೆ, ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು. ಮುಗ್ಗಿದ ಹಳೇ ಜೋಳ ತೆಗೆಯಲು ಧಣಿಯೇ ಇಳಿಸಿದ ಎಂದು ಗುಂಡಮ್ಮನ ಹೇಳಿಕೆ. ಕುಡಿದು ಕಾಲು ಜಾರಿ ಬಿದ್ದ ಎಂದು ಧಣಿಯದು. ಕೆಳಗಿನ ಕೋರ್ಟು ಧಣಿಯ ಮಾತನ್ನೇ ನಂಬಿತ್ತು. ಈಗ ಮೇಲಿನ ಕೋರ್ಟಿಗೆ ವಕೀಲರು ಬರೆದುಕೊಟ್ಟ ಅವಳ ಹೇಳಿಕೆ ಇಂಗ್ಲಿಷಿನಲ್ಲಿ ಬೇಕಿತ್ತು.

ಹಿಂದಿನ ಅನುವಾದದಲ್ಲಿ ಯಾರೋ ಪುಣ್ಯಾತ್ಮ 'ಪಿಟ್' ಎಂದು ಬರೆದು ಕೈತೊಳೆದುಕೊಂಡಿದ್ದ. ಪಿಟ್ ಎಂದರೆ ಬಾಯಿ ತೆರೆದ ಗುಂಡಿ. ಯಾರು ಬೇಕಾದರೂ ಬೀಳಬಹುದು. 'ಹೋಲ್' ಅನ್ನೋಣವೆಂದರೆ ಇಲಿಯ ಬಿಲಕ್ಕೂ ಅಂಗಿಯ ತೂತಿಗೂ ಅದೇ ಪದ. 'ಹಾಲೋ' ಮರದ ಪೊಟರೆಯಂಥದ್ದು, ತಾನಾಗಿ ಟೊಳ್ಳಾಗಿದ್ದು. ಅದಕ್ಕೆ ಯಾರನ್ನೂ ಹೊಣೆ ಮಾಡುವಂತಿಲ್ಲ. 'ಕ್ಯಾವಿಟಿ' ಹಲ್ಲಿನ ಡಾಕ್ಟರರಿಗಿರಲಿ. 'ಸೆಲ್ಲರ್' ಅಂದರೆ ಮೆಟ್ಟಿಲಿಳಿದು ಆರಾಮಾಗಿ ಹೋಗುವ ನೆಲಮಾಳಿಗೆ. ಕೊನೆಗೆ ಹಗೇವು ಎಂದೇ ಉಳಿಸಿ, ಎರಡು ಸಾಲಿನ ವಿವರಣೆ ಕೊಟ್ಟೆ: ಮುಚ್ಚಿಟ್ಟದ್ದು, ಒಳಗೆ ಕೆಟ್ಟ ಗಾಳಿ ತುಂಬಿರುವಂಥದ್ದು, ಬಾಯಿ ಎಷ್ಟು ಕಿರಿದೆಂದರೆ ಕೈಯೂರಿ ಇಳಿಯಬೇಕೇ ಹೊರತು ಜಾರಿ ಬೀಳಲಾಗದು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬರೆದದ್ದನ್ನು ಗುಂಡಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಕಲ್ಲು ಸರಿಸಿದ ಮೇಲೆ ಹಗೇವಿನೊಳಗೆ ದೀಪ ಇಳಿಬಿಡುವುದು ವಾಡಿಕೆ. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿಯಿಲ್ಲ ಎಂದರ್ಥ, ಆ ದಿನ ಯಾರೂ ಇಳಿಯುವುದಿಲ್ಲ. "ಧಣಿ ದೀಪ ಇಳಿಬಿಡಿಸದೆ ನನ್ನ ಗಂಡನನ್ನು ಇಳಿಸಿದರು" ಎಂಬ ಸಾಲಿಗೆ ಬಂದಾಗ ಅವಳು ಕೈ ಅಡ್ಡ ಹಿಡಿದಳು.

"ಅದು ಸುಳ್ಳದರಿ ಅಕ್ಕೋರ. ದೀಪ ಬಿಟ್ಟಿದ್ವಿ. ಎರಡ್ ಸಲ ಆರ್ತು."

"ಮತ್ತ ಯಾಕ ಇಳ್ದ?"

"ಹೊತ್ತ ಮುಳಗೂದ್ರಾಗ ಮನಿ ಸೇರಬೇಕಾಗಿತ್ರಿ. ಗಾಳಿಗಿ ಆರ್ಯಾದ, ಇಳಿ ಅಂತ ನಾನೇ ಅಂದೆ. ನನ್ ಮಾತ್ ಕೇಳಿ ಇಳ್ದ."

ನನಗೆ ಸಂಕಟವಾಯಿತು. "ಈ ಸಾಲು ತೆಗೆದ್ರ ಕೇಸ್ ಬಿದ್ದು ಹೋಗ್ತದವ್ವಾ. ವಕೀಲರಿಗಿ ಹೇಳಿ ಬದಲಿಸ್ತಿಯೇನು?"

ಅವಳು ಕಾಗದವನ್ನು ನನ್ನತ್ತ ಸರಿಸಿದಳು.

"ಆ ಸಾಲು ಇರ್ಲಿ ಬಿಡ್ರಿ. ಕೇಸ್ ಗೆದ್ರೂ ಅವನ್ನ ಇಳ್ಸಿದಾಕಿ ನಾನೇ. ಅವ ಕುಡ್ದಿದ್ದಿಲ್ಲ ಅಂತ ಒಂದ್ ಮಾತ್ ಕೋರ್ಟಿನಾಗ ಆಗ್ಲಿ, ಸಾಕು."

ಆ ಸಾಲನ್ನು ಹಾಗೆಯೇ ಬಿಟ್ಟೆ. ಸುಳ್ಳೆಂದು ಗೊತ್ತಿದ್ದೂ ಕೆಳಗೆ ನನ್ನ ಸಹಿ ಹಾಕಿದೆ.