ಅಹವಾಲಿನ ಕಡೆಯ ದಿನ

ಸೆಟೆದುಕೊಂಡ ತೋಳನ್ನು ಕೋಟಿನೊಳಕ್ಕೆ ತೂರಿಸಲಾಗದೆ ನಾದಿನಿ ಕೈಚೆಲ್ಲಿದಳು.

"ಬದುಕಿದ್ದಾಗಲೇ ಅಣ್ಣ ಯಾರಿಗೂ ಬಗ್ಗಲಿಲ್ಲ, ಅತ್ತಿಗೆ. ಈಗ ಬಗ್ತಾನಾ? ಸುಮ್ನೆ ಮೇಲೆ ಹೊದಿಸಿಬಿಡೋಣ."

"ಬೆನ್ನ ಹತ್ರ ಕತ್ತರಿಸಿ ತೊಡಿಸಮ್ಮ. ಇವತ್ತಿಗೇಂತ ಇಸ್ತ್ರಿ ಮಾಡಿಸಿಟ್ಟಿದ್ರು," ಎಂದಳು ಹೆಂಡತಿ.

ಆ ಕೋಟು ತೊಟ್ಟು ಅವರು ಈ ದಿನ ನಿಲ್ಲಬೇಕಾಗಿದ್ದುದು ಪರಿಶೀಲನಾ ಸಮಿತಿಯ ಮುಂದೆ. ಚುನಾವಣಾ ಪ್ರಚಾರದ ಹಣಕಾಸು ನಿಯಮಗಳನ್ನು ಸರ್ಕಾರವು ಐದು ವರ್ಷಕ್ಕೊಮ್ಮೆ ಪರಿಶೀಲಿಸುತ್ತಿತ್ತು. ಅಹವಾಲಿನ ಕಡೆಯ ದಿನದೊಳಗೆ ಸಭೆಯಲ್ಲಿ ಓದಿ ಹೇಳದ ತಿದ್ದುಪಡಿ ತಾನಾಗಿಯೇ ಬಿದ್ದುಹೋಗುತ್ತಿತ್ತು. ಅವರು ಬೇಡುತ್ತಿದ್ದುದು ಒಂದೇ ತಿದ್ದುಪಡಿ: ಅಭ್ಯರ್ಥಿಗಳಿಗೆ ಹಣ ಕೊಟ್ಟವರ ಹೆಸರು ಮತದಾನಕ್ಕೆ ಮೊದಲೇ ಜನರಿಗೆ ತಿಳಿಯಬೇಕು, ಈಗಿನಂತೆ ಗೆದ್ದವರು ಗದ್ದುಗೆಯೇರಿ ವರ್ಷ ಕಳೆದ ಮೇಲಲ್ಲ. ಚುನಾವಣಾ ಕಚೇರಿಯಲ್ಲಿದ್ದಷ್ಟು ಕಾಲ ನೌಕರನಾಗಿ, ನಿವೃತ್ತಿಯ ಬಳಿಕ ಬರಿಯ ಪ್ರಜೆಯಾಗಿ, ಜಪದ ನಿಷ್ಠೆಯಿಂದ ಅದನ್ನೇ ಬೇಡಿದರು. ಕಚೇರಿಯವರು ಅವರಿಗೆ ಇಟ್ಟ ಹೆಸರು 'ತಿದ್ದುಪಡಿ ಸಾಹೇಬರು'.

ಅವರ ಕೈಕೆಳಗೆ ಕೆಲಸ ಕಲಿತ ಕಿರಿಯ ಅಧಿಕಾರಿಣಿ ಬೆಳಗ್ಗೆಯೇ ಬಂದು ಬಾಗಿಲಿಗೊರಗಿ ಬಿಕ್ಕುತ್ತಿದ್ದಳು.

"ಇಲ್ಲಿ ಅಳೋಕೆ ನಾವಿದ್ದೀವಿ ಕಣಮ್ಮ. ನೀನು ಹೋಗಿ ಅವರ ತಿದ್ದುಪಡಿ ಓದು," ಎಂದಳು ಹೆಂಡತಿ.

"ಸಾಹೇಬ್ರನ್ನ ಎತ್ತೋವಾಗ ನಾನಿರಬೇಡ್ವಾ, ಅಮ್ಮಾ?"

"ಅವರೇ ಇಲ್ಲ. ಹೋಗು."

*

ಮೊದಲ ಪರಿಶೀಲನೆಯ ಮುಂಜಾನೆ ಅವರು ಅಡುಗೆಮನೆಯಲ್ಲಿ ನಿಂತು ಭಾಷಣ ಒಪ್ಪಿಸಿದ್ದರು. ಹೆಂಡತಿಯೇ ಅಧ್ಯಕ್ಷೆ, ಸೌಟೇ ಸುತ್ತಿಗೆ.

"ಮಾನ್ಯ ಅಧ್ಯಕ್ಷರೇ, ಪ್ರಜೆಗಳ ಅರಿವೆಂಬುದು..."

"ಹಾಲು ಉಕ್ತಿದೆ, ಬೇಗ ಹೇಳಿ."

"ಅಧ್ಯಕ್ಷರು ಹಾಗೆಲ್ಲ ಮಾತಾಡಲ್ಲ ಕಣೇ!"

ಸಂಜೆ ಅವರು ಗೆದ್ದವರಂತೆ ಮನೆಗೆ ಬಂದಿದ್ದರು. "ತುಂಬಾ ಒಳ್ಳೇ ಸಲಹೆ, ಮುಂದಿನ ಸಲ ನೋಡೋಣ ಅಂದ್ರು!"

ಮುಂದಿನ ಸಲವೂ ಅದೇ ಮಾತು. ಅದರ ಮುಂದಿನ ಸಲ ಆಡಿದ ಬಾಯಿ ಬೇರೆ, ಮಾತು ಅದೇ. ಈ ಸಲ, ಎದೆನೋವೆಂದು ಹೋದಾಗ ವೈದ್ಯರು ಆಸ್ಪತ್ರೆ ಸೇರಲು ಹೇಳಿದರು. "ಅಹವಾಲೊಂದು ಮುಗೀಲಿ, ಆಮೇಲೆ ನೋಡೋಣ," ಎಂದು ಅವರೇ ಮುಂದೂಡಿದರು.

*

ದೇಹವನ್ನು ಶವವಾಹನಕ್ಕೆ ಏರಿಸುವಷ್ಟರಲ್ಲಿ ಅಧಿಕಾರಿಣಿ ಮರಳಿದಳು. ಅವಳ ಹಿಂದೆ ಹೂವಿನ ಹಾರ ಹಿಡಿದ ಸಮಿತಿಯ ಅಧ್ಯಕ್ಷರು. ಅವರ ಹಿಂದೆ ಸದಸ್ಯರೆಲ್ಲರೂ.

"ಓದಿದೆಯಾ?" ಎಂದಳು ಹೆಂಡತಿ.

"ಓದೋಕೆ ಬಿಡಲಿಲ್ಲಮ್ಮ. ಸಾಹೇಬ್ರು ತೀರ್ಕೊಂಡ್ರು ಅಂದೆ, ಅಷ್ಟೇ. ಎಲ್ಲಾ ಎದ್ದು ನಿಂತುಬಿಟ್ರು."

ಅಧ್ಯಕ್ಷರ ಕಣ್ಣುಗಳು ನಿಜವಾಗಿಯೇ ಒದ್ದೆಯಾಗಿದ್ದವು. "ಅವರ ಗೌರವಾರ್ಥ ಸಭೆಯನ್ನೇ ಮುಗಿಸಿಬಿಟ್ವಿ, ತಾಯಿ. ಇಂಥ ಮರ್ಯಾದೆ ಮಂತ್ರಿಗಳಿಗೂ ಸಿಕ್ಕಿರಲಿಲ್ಲ."

"ಇವತ್ತೇ ಕಡೇ ದಿನ ಅಲ್ವಾ?"

"ಹೌದು."

"ನಾಳೆ ಒಂದು ಗಳಿಗೆ ಕೂತ್ಕೊಳ್ಳೋಕೆ ಆಗಲ್ವಾ?"

"ನಿಯಮ ಇಲ್ಲವಲ್ಲ, ತಾಯಿ. ಅದು ನಿಮ್ಮ ಯಜಮಾನರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿತ್ತು? ಇರಲಿ, ಮುಂದಿನ ಸಲ ನೋಡೋಣ."

"ಮುಂದಿನ ಸಲಕ್ಕೆ ನಮ್ಮಣ್ಣ ಎದ್ದು ಬರ್ತಾನಾ, ಸ್ವಾಮಿ?" ಎಂದು ನಾದಿನಿ ಕೇಳಿದಳು. ಸದಸ್ಯರು ಹಾರವನ್ನು ಸರಿಪಡಿಸುವುದರಲ್ಲಿ ಮಗ್ನರಾದರು.

ಅಧಿಕಾರಿಣಿ ಹೆಂಡತಿಯ ಕೈ ಹಿಡಿದಳು. "ನಾನು ಓದ್ತೀನಮ್ಮ. ಮುಂದಿನ ಸಲ ಖಂಡಿತ ಅಂತ ಅಧ್ಯಕ್ಷರೇ ಮಾತು ಕೊಟ್ಟಿದ್ದಾರೆ." ಅತ್ತು ಕೆಂಪಾದ ಆ ಎಳೆಯ ಮುಖದಲ್ಲಿ ಹೊಳಪೊಂದಿತ್ತು. ಹೆಂಡತಿ ಮೆಲ್ಲನೆ ಕೈ ಬಿಡಿಸಿಕೊಂಡು ವಾಹನವೇರಿದಳು.

ಬೀದಿಯ ತಿರುವಿನಲ್ಲಿ ಪ್ರಚಾರದ ಲಾರಿಯೊಂದು ಹಾಡುತ್ತ ಎದುರಾಯಿತು. ಅದರ ಮೈತುಂಬ ಒಬ್ಬನೇ ಅಭ್ಯರ್ಥಿಯ ನಗುಮುಖ. ಶವವಾಹನದ ಮೇಲಿನ ಹೂವಿನ ಹಾರ ಕಂಡೊಡನೆ ಚಾಲಕ ಲಾರಿಯನ್ನು ಪಕ್ಕಕ್ಕೆ ಸರಿಸಿ, ಧ್ವನಿವರ್ಧಕವನ್ನು ನಿಲ್ಲಿಸಿ, ಕೆಳಗಿಳಿದು ತಲೆಬಾಗಿ ನಿಂತ. ಶವವಾಹನವೂ, ಅದರ ಹಿಂದೆ ಸಮಿತಿಯ ಕಾರುಗಳೂ ಒಂದೊಂದಾಗಿ ದಾಟುವವರೆಗೆ ಅವನು ಅಲುಗಲಿಲ್ಲ. ಕಡೆಯ ಕಾರು ದಾಟಿದ ಮೇಲೆ ಹಾಡು ನಿಂತಲ್ಲಿಂದಲೇ ಮುಂದುವರಿಯಿತು.