ಯಾರೂ ಏಳುವ ಹಾಗಿಲ್ಲ

“ಸತ್ತಿದ್ರೆ ಸಾಲ ಮನ್ನಾ ಆಗ್ತಿತ್ತು. ಬದುಕಿದಾಳಲ್ಲ, ಕಟ್ಟಲಿ” ಎಂದ ಸಾಲ ಸಂಘದ ವಸೂಲಿಯ ಮೊಫಿಜುಲ್ ಸಾಹೇಬ, ಕೊಹಿನೂರ್ ಕೂರಬೇಕಿದ್ದ ಖಾಲಿ ಜಾಗ ನೋಡುತ್ತ.

ಪ್ರತಿ ಮಂಗಳವಾರದಂತೆ ಅಂಗಳದಲ್ಲಿ ಅವನು ಕುರ್ಚಿಯ ಮೇಲೆ, ನಾವು ಮೂವತ್ತು ಹೆಂಗಸರು ನೆಲದಲ್ಲಿ, ಸಾಲಿಗೆ ಐದು ಜನ. ಐವರಲ್ಲಿ ಒಬ್ಬಳು ಕಂತು ಕಟ್ಟದಿದ್ದರೆ ಉಳಿದ ನಾಲ್ವರೇ ಹೊಣೆ. ವಸೂಲಿ ಮುಗಿಯುವ ತನಕ ಯಾರೂ ಏಳುವ ಹಾಗಿಲ್ಲ. ಹೋದ ತಿಂಗಳು ಮುದುಕಿ ಜಹೂರಾ ಬೇಡಿಕೊಂಡು ಬೇಡಿಕೊಂಡು ಕೊನೆಗೆ ಕೂತಲ್ಲೇ ಸೀರೆ ಒದ್ದೆ ಮಾಡಿಕೊಂಡಳು. ಅವನು ಮೂಗು ಮುಚ್ಚಿಕೊಂಡನೇ ಹೊರತು ಬಿಡಲಿಲ್ಲ.

ಕೊಹಿನೂರ್ ಮಂಡಕ್ಕಿ ಹುರಿಯುವವಳು. ಗಂಡ ಢಾಕಾದಲ್ಲಿ ರಿಕ್ಷಾ ತುಳಿಯುತ್ತಾನೆ, ದುಡ್ಡು ಕಳಿಸುವುದನ್ನು ಎಂದೋ ಬಿಟ್ಟ. ಈ ಸಂಘದ ಸಾಲದಲ್ಲೇ ದೊಡ್ಡ ಕಬ್ಬಿಣದ ಬಾಣಲೆ ಕೊಂಡಳು. ಜ್ವರ ಬಂದು ಎರಡು ಕಂತು ತಪ್ಪಿತ್ತು. ಇನ್ನೆರಡು ದಿನಕ್ಕೆ ರಂಜಾನ್ ಉಪವಾಸ ಶುರು. ಇಫ್ತಾರಿಗೆ ಮನೆಮನೆಗೂ ಮಂಡಕ್ಕಿ ಬೇಕು, ಐದೇ ದಿನ ತಡಿ, ಎಲ್ಲ ತೀರಿಸುತ್ತೇನೆ ಎಂದು ಹೇಳಿಕಳಿಸಿದ್ದಳು.

“ಬಾಣಲೆ ಎತ್ಕೊಂಡು ಬನ್ನಿ. ಮಾರಿ ಮುರ್ಕೋತೀನಿ. ಮೊಯ್ನಾ, ಏಳೇ, ನಿನ್ನ ಗುಂಪಿನವಳು ತಾನೆ?” ಎಂದ ನನಗೆ.

ಈ ಬಾಡಕೋವ್ ಸಾಹೇಬ ತಾನು ಯಾರ ಸಾಮಾನೂ ಮುಟ್ಟುವುದಿಲ್ಲ. ನಮ್ಮ ಕೈಲೇ ಮಾಡಿಸುತ್ತಾನೆ. ಹೋದ ವರ್ಷ ಕಂತು ತಪ್ಪಿದ ಶರೀಫಾಳ ಮನೆಯ ತಗಡು ಕಿತ್ತವರು ನಾವೇ, ಹಾರೆ ಹಿಡಿದಿದ್ದವಳು ನಾನು. ಅವಳು ಇವತ್ತಿಗೂ ನನ್ನ ಕಂಡರೆ ಉಗಿದು ಹೋಗುತ್ತಾಳೆ. ಉಗಿಯಲಿ, ನನಗೆ ಅದು ಸಲ್ಲಬೇಕಾದದ್ದೇ.

ನಾವು ನಾಲ್ವರು ಹೋದಾಗ ಕೊಹಿನೂರ್ ಕಾದ ಮರಳಿಗೆ ಅಕ್ಕಿ ಸುರಿಯುತ್ತಿದ್ದಳು. ನಮ್ಮ ಕೈಯಲ್ಲಿದ್ದ ಬಿದಿರಿನ ಗಳ ನೋಡಿದಳು. ಅಳಲಿಲ್ಲ.

“ಮರಳು ಚೆಲ್ಲಿ ಕೊಡ್ಲಾ, ಇಲ್ಲ ಹಿಂಗೇ ಹೊತ್ಕೊಂಡೋಯ್ತೀರಾ?”

ಶರೀಫಾಳ ಮುಖ ಕಣ್ಣೆದುರು ಬಂತು.

“ಹಿಂಗೇ ಕೊಡಮ್ಮಿ. ಅಕ್ಕಿ ಬುಟ್ಟಿ ತಗೊಂಡು ನೀನೂ ಬಾ” ಎಂದೆ.

ಬಾಣಲೆಯ ಕಿವಿಗಳಿಗೆ ಗಳ ತೂರಿಸಿ, ಹೊಗೆಯಾಡುವ ಮರಳಿನ ಸಮೇತ ಹೊತ್ತು ತಂದು, ಸಾಹೇಬನ ಕಾಲ ಬುಡದಲ್ಲೇ ಇಳಿಸಿದೆವು. ಅವನು ಕಾಲೆರಡನ್ನೂ ಕುರ್ಚಿಯ ಮೇಲೆ ಎಳೆದುಕೊಂಡ.

“ತಂದಿದೀವಿ ಸಾಹೇಬ್ರೆ. ಕೈಯಾರೆ ಎತ್ಕೊಳ್ಳಿ.”

ಅವನು ಸೂಳೆಯರು ಎಂದ, ಪೊಲೀಸ್ ಎಂದ, ಮುಂದೆ ಯಾರಿಗೆ ಸಾಲ ಸಿಗುತ್ತೋ ನೋಡ್ತೀನಿ ಎಂದ. ಮೇಜಿನ ಮೇಲಿದ್ದ ಅವನ ಮೋಟಾರ್‌ಸೈಕಲ್ ಕೀಲಿಯನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡು ನೆಲದಲ್ಲಿ ಕೂತೆ. ಯಾರೂ ಹೇಳಲಿಲ್ಲ, ಆದರೂ ಸಾಲುಗಳು ಮುರಿದವು. ಹೆಂಗಸರೆಲ್ಲ ಜರುಗಿ ಜರುಗಿ ಅವನ ಕುರ್ಚಿಯ ಸುತ್ತ ಬಂದು ಕೂತರು.

“ನೀನೂ ಕೂತ್ಕೊ. ವಸೂಲಿ ಮುಗಿಯೋಗಂಟ ಯಾರೂ ಏಳಾಂಗಿಲ್ಲ. ನಿಂದೇ ಕಾನೂನು” ಎಂದೆ ಸಾಹೇಬನಿಗೆ.

ಕೊಹಿನೂರ್ ಮೂರು ಕಲ್ಲು ಹೂಡಿದಳು. ಬಾಣಲೆ ಅದರ ಮೇಲೇರಿತು. ಒಣಗಿದ ಎಲೆ ಒಟ್ಟಿ ಉರಿ ಹಚ್ಚಿ, ಅವನ ಎದುರಿಗೇ ಮಂಡಕ್ಕಿ ಹುರಿಯತೊಡಗಿದಳು.

ಹೊತ್ತು ನೆತ್ತಿಗೆ ಬಂತು. ಬೈದು ಬೈದು ಅವನ ಗಂಟಲು ಒಣಗಿತ್ತು. ಕೊನೆಗೆ ತಲೆ ತಗ್ಗಿಸಿ, ಒಂದು ನಿಮಿಷ ಬಿಡ್ರಮ್ಮಾ, ಒಂದಕ್ಕೆ ಹೋಗಬೇಕು ಎಂದ.

ಮುದುಕಿ ಜಹೂರಾ ಸೆರಗಿನ ತುದಿ ಎತ್ತಿ ಮೂಗು ಮುಚ್ಚಿಕೊಂಡಳು.